ನೋಡುವವರ ಲೆಕ್ಕ

ದಿಲ್ಲಿ ಅಂದರೆ ನಮ್ಮೂರ ಕಡೆಯವರ ಕಣ್ಣಿಗೆ ಬರುವುದು ಪಾರ್ಲಿಮೆಂಟು, ಕೆಂಪುಕೋಟೆ, ಇತ್ತೀಚೆಗೆ ಹೊಗೆ. ಊರಿನಿಂದ ಒಂದು ಗಂಟೆ ಹೊರಗೆ ಹೋದರೆ ಜನವರಿಯಲ್ಲಿ ಕಣ್ಣು ಹಾಯುವಷ್ಟು ದೂರ ಸಾಸಿವೆ ಹೊಲ ಹಳದಿಯಾಗಿರುತ್ತದೆ ಅಂದರೆ, "ಹೌದಾ? ದಿಲ್ಲೀಲಿ ಹೊಲಾನೂ ಇದೆಯಾ?" ಅನ್ನುತ್ತಾರೆ.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ದಿಲ್ಲಿಗೆ ಬಂದದ್ದು 1991ರಲ್ಲಿ. ಆಗಿನಿಂದಲೂ ನಾಲ್ಕೈದು ಕನ್ನಡ ಮನೆಯವರು ಸೇರಿ ಚಳಿಗಾಲದ ಭಾನುವಾರಗಳಲ್ಲಿ ಹೊರಗೆ ಹೋಗುವ ರೂಢಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು. ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಸೋಹ್ನಾದ ಬಿಸಿನೀರಿನ ಬುಗ್ಗೆ, ದಮ್‌ದಮಾ ಕೆರೆ ಎಲ್ಲಾ ಆಯಿತು. ಆದರೆ ಹೆಚ್ಚಾಗಿ ಹೋದದ್ದು ಹರಿಯಾಣದ ಸುಲ್ತಾನ್‌ಪುರಕ್ಕೆ. ಗುರುಗ್ರಾಮದಿಂದ ಫರೂಕ್‌ನಗರಕ್ಕೆ ಹೋಗುವ ರಸ್ತೆಯಲ್ಲಿ, ಸುತ್ತ ಹೊಲಗಳ ನಡುವೆ ಇರುವ ಕೆರೆ. ನಾನು ದಿಲ್ಲಿಗೆ ಬಂದ ವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ಒಂದೂವರೆ ಚದರ ಕಿಲೋಮೀಟರೂ ಇಲ್ಲದ ಜಾಗ. ಆದರೂ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುತ್ತವೆ. ಗಿಡಗಳ ಮಧ್ಯೆ ನೀಲಗಾಯ್ ಮೇಯುತ್ತಿರುತ್ತವೆ. ಹೆಸರಿನಲ್ಲಿ ಗಾಯ್ ಇದ್ದರೂ ಅದು ಹಸುವಲ್ಲ, ಒಂದು ಬಗೆಯ ಹುಲ್ಲೆ. ಗಂಡು ಒಳ್ಳೆ ಕುದುರೆಯಷ್ಟು ಎತ್ತರ ಕಾಣುತ್ತದೆ.

ಎರಡು ವರ್ಷದ ಹಿಂದೆ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆವು. ಒಂದು ಗಂಡು ನೀಲಗಾಯ್ ದಾರಿಗೆ ಅಡ್ಡ ಬಂದು ನಿಂತಿತು. ಮಗು ಕುಣಿದಾಡಿಬಿಟ್ಟ. ನಾನೂ, "ನೋಡೋ, ಎಷ್ಟು ಚೆನ್ನಾಗಿದೆ!" ಅಂತ ಫೋಟೋ ತೆಗೆದೆ. ಹೊರಗೆ ಬಂದು, ರಸ್ತೆ ಬದಿಯ ಸಾಸಿವೆ ಹೊಲದಲ್ಲಿ ಇನ್ನೊಂದು ಫೋಟೋ ತೆಗೆಯೋಣ ಅಂತ ಬದುವಿನ ಮೇಲೆ ಕಾಲಿಟ್ಟಾಗ, ಕಂಬಳಿ ಹೊದ್ದ ಮುದುಕರೊಬ್ಬರು ಎದ್ದು ಬಂದರು. ಬೈಯುತ್ತಾರೇನೋ ಅಂದುಕೊಂಡೆ. ಬೈಯಲಿಲ್ಲ. ಮಗುವಿನ ಸಂಭ್ರಮ ಕೇಳಿ ನಕ್ಕು, "ನೀವು ಟಿಕೆಟ್ ತಗೊಂಡು ನೋಡ್ತೀರಿ, ನಮ್ಮ ಹೊಲಕ್ಕೆ ಅವು ಪುಕ್ಕಟೆ ಬರ್ತಾವೆ" ಅಂದರು. ಆಮೇಲೆ, ರಾತ್ರಿಯೆಲ್ಲ ಕಾದು ಈಗಷ್ಟೇ ಒಂದಿಷ್ಟು ಮಲಗಿದ್ದೆ ಅಂತಲೂ ಹೇಳಿದರು. ಬಂದವು ಉದ್ಯಾನದವೋ ಬಯಲಿನವೋ, ಅವರಿಗೆ ಅದು ಮುಖ್ಯವಲ್ಲ. ತುಳಿದು ಹೋದ ಗೋಧಿ ಎದ್ದು ನಿಲ್ಲುವುದಿಲ್ಲ.

ಆ ಮಾತು ಕೇಳಿ ನನಗೆ ಹಳೆಯದೊಂದು ನೆನಪಾಯಿತು. ಯಾರ ಹತ್ತಿರವೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ತೊಂಬತ್ತರ ದಶಕದ ಮಧ್ಯದಲ್ಲಿ ಎರಡು ವರ್ಷ ಹರಿಯಾಣದ ಒಂದು ಹಳ್ಳಿ ಶಾಖೆಯಲ್ಲಿದ್ದೆ. ಬೆಳೆಸಾಲದ ಕಂತು ಕಟ್ಟದ ಒಬ್ಬ ರೈತನ ಹೊಲಕ್ಕೆ ತಪಾಸಣೆಗೆ ಹೋದೆ. ಕಡಲೆ ಬೆಳೆ ಅರ್ಧಕ್ಕರ್ಧ ಹೋಗಿತ್ತು. "ನೀಲಗಾಯ್ ತಿಂದವು ಸಾಹೇಬ್" ಅಂದ. ನಮ್ಮ ಫಾರ್ಮಿನಲ್ಲಿ ಬರ, ನೆರೆ, ಆಲಿಕಲ್ಲಿಗೆ ಕಾಲಂ ಇತ್ತು, ನೀಲಗಾಯಿಗೆ ಇರಲಿಲ್ಲ. ನಾನು, "ಸಾಲಗಾರನ ಅಜಾಗರೂಕತೆ" ಅಂತ ಬರೆದೆ. ಅವಧಿ ವಿಸ್ತರಣೆ ಸಿಗಲಿಲ್ಲ. ಅವನು ಎಮ್ಮೆ ಮಾರಿ ಕಂತು ಕಟ್ಟಿದ. ಮುಂದಿನ ಭಾನುವಾರ ನಾನು ಎಲ್ಲರ ಜೊತೆ ಸುಲ್ತಾನ್‌ಪುರಕ್ಕೆ ಹೋಗಿ ಅದೇ ಪ್ರಾಣಿಯನ್ನು ನೋಡಿ ಸಂತೋಷಪಟ್ಟೆ. ಎರಡಕ್ಕೂ ಸಂಬಂಧ ಇದೆ ಅಂತ ಆಗ ಹೊಳೆಯಲೇ ಇಲ್ಲ.

ಹಾಗಾದರೆ ಪಟ್ಟಣದವರು ಹೋಗಲೇಬಾರದೇ? ಇದನ್ನು ಬಹಳ ಯೋಚಿಸಿದ್ದೇನೆ. ಹಾಗೆ ಹೇಳುವುದು ಸುಲಭ, ಆದರೆ ನಿಜವಲ್ಲ. ನೋಡುವವರು ಇಲ್ಲದಿದ್ದರೆ ಸುಲ್ತಾನ್‌ಪುರದ ಕೆರೆಯೇ ಉಳಿಯುತ್ತಿತ್ತೋ ಇಲ್ಲವೋ. ದಿಲ್ಲಿಯ ಹಕ್ಕಿ ವೀಕ್ಷಕರಲ್ಲಿ ಒಬ್ಬರಾಗಿದ್ದ ಪೀಟರ್ ಜಾಕ್ಸನ್ 1970ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು, ಇದನ್ನು ಕಾಪಾಡಿ ಅಂತ ಕೇಳಿಕೊಂಡದ್ದರಿಂದಲೇ ಅದಕ್ಕೆ ರಕ್ಷಣೆ ಸಿಕ್ಕಿದ್ದು. ಅವರೂ ಒಂದು ದಿನಕ್ಕೆ ಹೋಗಿ ಬರುತ್ತಿದ್ದವರೇ. 2021ರಲ್ಲಿ ಅದು ರಾಮ್‌ಸರ್ ಪಟ್ಟಿಗೂ ಸೇರಿತು. ನೋಡುವುದೇನೂ ತಪ್ಪಲ್ಲ.

ನಾನು ಎಂ.ಕಾಂ. ಓದಿದವನು. ಮೊದಲ ಪಾಠವೇ, ಪ್ರತಿ ಜಮೆಗೂ ಎಲ್ಲೋ ಒಂದು ಖರ್ಚು ಇರಲೇಬೇಕು ಅನ್ನುವುದು. ಚೆಲುವನ್ನು ನಾವು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತೇವೆ. ಖರ್ಚು ಯಾರ ಖಾತೆಗೆ ಬಿತ್ತು ಅಂತ ನೋಡುವುದಿಲ್ಲ. ಸಂಜೆ ವಾಪಸ್ಸು ಬರುವವನಿಗೆ ಅದು ಕಾಣಿಸುವುದೂ ಇಲ್ಲ, ಏಕೆಂದರೆ ಖರ್ಚು ಬೀಳುವುದು ರಾತ್ರಿ.

ಇದು ಹರಿಯಾಣದ ಮಾತು ಮಾತ್ರ ಆಗಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ನಮ್ಮೂರು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿದೆ. ಅಲ್ಲಿ ನೀಲಗಾಯ್ ಇಲ್ಲ, ಆನೆ ಇದೆ. ಭತ್ತ ಹಾಲು ತುಂಬುವ ಹೊತ್ತಿಗೆ ಗದ್ದೆಗೆ ಇಳಿಯುತ್ತವೆ. ನನ್ನ ತಮ್ಮ ಅಟ್ಟಣೆ ಮೇಲೆ ಕೂತು, ಡಬ್ಬ ಬಡಿದು, ಪಟಾಕಿ ಹೊಡೆದು ಕಾಯುತ್ತಾನೆ. ಆಸ್ತಿ ಇನ್ನೂ ಭಾಗವಾಗಿಲ್ಲ. ವರ್ಷಕ್ಕೊಮ್ಮೆ, ಬೇಡ ಅಂದರೂ, ನನ್ನ ಪಾಲಿನದು ಅಂತ ಒಂದು ಮೂಟೆ ಅಕ್ಕಿ ದಿಲ್ಲಿಗೆ ಕಳಿಸುತ್ತಾನೆ. ನಮ್ಮ ಮನೆಯಲ್ಲಿ ಅದನ್ನು ಹಬ್ಬಕ್ಕೆ ಅಂತ ಎತ್ತಿಡುತ್ತೇವೆ. ಬಂದವರಿಗೆಲ್ಲ, "ನಮ್ಮ ಗದ್ದೆ ಅಕ್ಕಿ" ಅಂತ ಬಡಿಸುತ್ತೇನೆ. ಮೂರು ದಿನಕ್ಕೆ ಊರಿಗೆ ಹೋದಾಗ, "ಆನೆ ಕಾಣಿಸುತ್ತೇನೋ?" ಅಂತ ಆಸೆಯಿಂದ ಕೇಳಿದವನೂ ನಾನೇ. ಅವನು ಆಗ ಏನೂ ಹೇಳಲಿಲ್ಲ. ಕಾರು ಹತ್ತುವಾಗ, "ನೀನು ನೋಡೋಕೆ ಬರ್ತೀಯ ಅಣ್ಣ, ಇರೋಕೆ ಬರಲ್ಲ" ಅಂದ. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಮರೆಯಲಾಗಲಿಲ್ಲ.

ದೂರದಲ್ಲಿರುವ ನಮ್ಮಂಥವರು ಹುಟ್ಟೂರಿಗೂ ಪ್ರವಾಸಿಗರೇ ಆಗಿಬಿಟ್ಟಿದ್ದೇವೆ. ಇದರಲ್ಲಿ ನಾಚಿಕೆಪಡುವುದು ಏನಿಲ್ಲ, ಹೊಟ್ಟೆಪಾಡು. ಆದರೆ ನಾವು ನೋಡಿ ಮೆಚ್ಚಿದ್ದನ್ನೇ ಪ್ರೀತಿ ಅಂತ ಕರೆದುಕೊಳ್ಳಬಾರದು. ಮೆಚ್ಚುವುದಕ್ಕೆ ಒಂದು ಭಾನುವಾರ ಸಾಕು. ಖರ್ಚಿನಲ್ಲಿ ಒಂದಿಷ್ಟನ್ನಾದರೂ ನಮ್ಮ ಹೆಸರಿಗೆ ಬರೆದುಕೊಂಡರೆ ಆಮೇಲೆ ಪ್ರೀತಿಯ ಮಾತಾಡಬಹುದು ಅಂತ ನನಗೆ ಅನ್ನಿಸುತ್ತದೆ. ಎಮ್ಮೆ ಮಾರಿದ ಆ ರೈತನಿಗೆ ನಾನು ಈಗ ಏನೂ ಮಾಡಲಾರೆ; ಆ ವರದಿಗೆ ತಿದ್ದುಪಡಿ ಇಲ್ಲ. ಸುಲ್ತಾನ್‌ಪುರಕ್ಕೆ ಈಗಲೂ ಹೋಗುತ್ತೇನೆ. ಮೊಮ್ಮಗನಿಗೆ ಹಕ್ಕಿಯ ಹೆಸರಿನ ಜೊತೆಗೆ, ಹೊರಗಿನ ಹೊಲಗಳನ್ನು ರಾತ್ರಿ ಯಾರು ಕಾಯುತ್ತಾರೆ ಅಂತಲೂ ಹೇಳುತ್ತೇನೆ.

ಕಳೆದ ನವೆಂಬರಿನಲ್ಲಿ ಊರಿಗೆ ಹೋಗಿ ಎಂಟು ದಿನ ತಮ್ಮನ ಜೊತೆ ಅಟ್ಟಣೆಯಲ್ಲಿ ಕೂತೆ. ಎರಡು ರಾತ್ರಿ ಹೇಗೋ ಎಚ್ಚರವಾಗಿದ್ದೆ. ಮೂರನೇ ರಾತ್ರಿ ಕೂತಲ್ಲೇ ನಿದ್ದೆ ಬಂದುಬಿಟ್ಟಿತು. ಎದ್ದಾಗ ಬೆಳಕು ಹರಿದಿತ್ತು, ಮೈಮೇಲೆ ಅವನ ಕಂಬಳಿ ಇತ್ತು. "ಬಂದಿದ್ವೇನೋ?" ಅಂದೆ. "ಹೂಂ, ಮೂರು" ಅಂದ. "ಎಬ್ಬಿಸಬಾರದಿತ್ತಾ?" ಅಂದರೆ, "ನೋಡೋಕೆ ಬಂದಿದ್ದಲ್ಲವಲ್ಲ" ಅಂತ ನಕ್ಕು, ಕಾಫಿ ಕುಡಿಯೋಣ ಬಾ ಅಂದ.