*ಇಂದಿನ ಧಮ್ಮ ಚಿಂತನೆ: ಕಲೆ ತೆಗೆಯೋಣ, ಲೋಹ ಸುಡುವುದು ಬೇಡ*



ಧಮ್ಮ ಬಂಧುಗಳೇ,

ಕಳೆದ ವಾರ ಹಿಪ್ಪರಗಿಯಲ್ಲಿ ನಮ್ಮ ಮನೆ ಮುಂದೆ ನಡೆದ ಒಂದು ಸಣ್ಣ ಸಂಗತಿಯಿಂದ ಇಂದಿನ ಚಿಂತನೆ ಶುರು ಮಾಡುತ್ತೇನೆ. ತಪ್ಪು ನನ್ನದೇ. ಅದಕ್ಕೇ ಹೇಳಬೇಕಾಗಿದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನನ್ನ ಕಾರಿಗೆ ಪಾಲಿಶ್ ಮಾಡಿದ ಅಲಾಯ್ ಗಾಲಿಗಳಿವೆ. ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಓಡಾಡಿ ಎರೆ ಮಣ್ಣು ಮೆತ್ತಿಕೊಂಡಿತ್ತು. ಮಣ್ಣು ನೀರಿಗೆ ಹೋಯಿತು. ಮುಂದಿನ ಎರಡು ಗಾಲಿಗಳ ಮೇಲಿನ ಕಂದು ಕಲೆ ಮಾತ್ರ ಹೋಗಲಿಲ್ಲ. ಹುಣ್ಣಿಮೆ ಸಭೆಗೆ ಹೊರಡುವ ಗಡಿಬಿಡಿ ಬೇರೆ. ಬಚ್ಚಲು ತೊಳೆಯುವ ಆಸಿಡ್ ತಂದು ಒಂದು ಗಾಲಿಗೆ ಸುರುವಿದೆ, ತಂತಿ ಬ್ರಷ್ ಹಾಕಿ ತಿಕ್ಕಿದೆ. ಕಲೆ ಹೋಯಿತು. ಒಣಗಿದ ಮೇಲೆ ನೋಡಿದರೆ, ಕನ್ನಡಿಯಂತಿದ್ದ ಲೋಹ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು.

ವಾಟರ್ ಸರ್ವಿಸಿಂಗ್ ಕೆಲಸ ಮಾಡುವ ನಮ್ಮ ಬಳಗದ ಹುಡುಗನನ್ನು ಕರೆಸಿದೆ. ಕುಕ್ಕರಗಾಲಲ್ಲಿ ಕೂತು ನೋಡಿದ. "ಕಾಕಾ, ಕಲಿ ಹೋಗೈತ್ರಿ ಖರೆ. ಕಲಿ ಜೋಡಿ ಹೊಳಪೂ ಹೋಗೈತಿ" ಅಂದ.

ಆಮೇಲೆ ಅವನು ಹೇಳಿದ್ದು ನನಗೆ ಪಾಠವಾಯಿತು. ಮಣ್ಣು ರಸ್ತೆಯಿಂದ ಬಂದದ್ದು. ಕಂದು ಕಲೆ ಗಾಡಿಯ ಒಳಗಿನಿಂದಲೇ ಬಂದದ್ದು. ಬ್ರೇಕ್ ಒತ್ತಿದಾಗಲೆಲ್ಲ ಡಿಸ್ಕ್ ಸವೆದು ಕಬ್ಬಿಣದ ಬಿಸಿ ಪುಡಿ ಹಾರುತ್ತದೆ. ಅದು ಗಾಲಿಗೆ ಕಚ್ಚಿಕೊಂಡು, ನೀರು ತಾಗಿ ತುಕ್ಕಾಗುತ್ತದೆ. ಬ್ರೇಕಿನ ಭಾರ ಹೆಚ್ಚಾಗಿ ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ಅಲ್ಲೇ ಕಲೆ ಜಾಸ್ತಿ.

*ಬಂಧುಗಳೇ, ನಮ್ಮ ಮೇಲೆ ಕೂರುವ ಕೊಳೆಯೂ ಹೀಗೇ ಎರಡು ಬಗೆ.*

ಒಂದು, ಹೊರಗಿನವರು ಎರಚಿದ ಕೆಸರು. ಮೈಲಿಗೆ ಎಂಬುದು ಅಂಥದ್ದು. ಅದು ನಮ್ಮ ಲೋಹದ ಗುಣ ಎಂದೂ ಆಗಿರಲಿಲ್ಲ. ಆದರೆ ಕೆಸರು ತೊಳೆಯಲು ನೀರು ಬೇಕು, ನಮಗೆ ನೀರನ್ನೇ ಮುಟ್ಟಗೊಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಅದೇ ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು. ಕಲೆ ಇದ್ದದ್ದು ನೀರಿನಲ್ಲಲ್ಲ, ಕುಡಿದವರ ಕೈಯಲ್ಲೂ ಅಲ್ಲ. ಆ ಕೆರೆಯ ಮೊಕದ್ದಮೆ ವರ್ಷಗಟ್ಟಲೆ ನಡೆದು 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಮಾನವಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಆ ಕೆಸರಿನ ಹೆಸರನ್ನೇ ಬಿಟ್ಟು ಹೊರಬರುವ ದಾರಿ ತೋರಿಸಿದರು.

ಇನ್ನೊಂದು, ಒಳಗಿನಿಂದ ಹಾರಿ ನಮಗೇ ಕಚ್ಚುವ ಪುಡಿ. ಲೋಭ, ದ್ವೇಷ, ಮೋಹ. ಕಬ್ಬಿಣದಲ್ಲಿ ಹುಟ್ಟಿದ ತುಕ್ಕು ಕಬ್ಬಿಣವನ್ನೇ ತಿನ್ನುವ ಹೋಲಿಕೆ ಧಮ್ಮಪದದ ಮಲವಗ್ಗದಲ್ಲಿದೆ. ಅದರ ಪಕ್ಕದಲ್ಲೇ ಪರಿಹಾರವೂ ಇದೆ: ಅಕ್ಕಸಾಲಿಗ ಬೆಳ್ಳಿಯ ಕೊಳೆ ತೆಗೆಯುವ ಹಾಗೆ, ಒಂದಿಷ್ಟೊಂದಿಷ್ಟೇ, ಬಿಡದೆ.

ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಗಾಲಿ ತಣ್ಣಗಾಗಲು ಬಿಟ್ಟ. ನೆರಳಲ್ಲಿ ಕಾರ್ ಶಾಂಪೂ, ಮೆತ್ತನೆ ಬ್ರಷ್ ಹಿಡಿದು ತೊಳೆದ. ಕಬ್ಬಿಣದ ಪುಡಿ ಬಿಡಿಸುವ ದ್ರಾವಣ ಸಿಂಪಡಿಸಿದ. ಕಲೆ ನೇರಳೆ ಬಣ್ಣವಾಗಿ ಇಳಿಯತೊಡಗಿತು, ಒಣಗುವ ಮೊದಲೇ ನೀರು ಬಿಟ್ಟ. ನಾನು ಸುಟ್ಟ ಗಾಲಿಯನ್ನು 1000, 1500, 2000 ನಂಬರಿನ ಉಜ್ಜು ಕಾಗದದಿಂದ, ನೀರು ಹಾಕಿ ಹಾಕಿ, ಒಂದಾದ ಮೇಲೊಂದರಂತೆ ಉಜ್ಜಿದ. ಕೊನೆಗೆ ಹತ್ತಿಬಟ್ಟೆಗೆ ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿ, ಮೇಲೆ ಮೇಣ ಸವರಿದ. ಐದು ನಿಮಿಷದಲ್ಲಿ ನಾನು ಕೆಡಿಸಿದ್ದನ್ನು ಸರಿ ಮಾಡಲು ಇಡೀ ಮಧ್ಯಾಹ್ನ ಹಿಡಿಯಿತು.

ಅವನ ಬಿಳಿ ಬಟ್ಟೆ ಕಪ್ಪಾಗಿತ್ತು. "ಇದು ಬರೇ ಹೊಲಸಲ್ಲ ಕಾಕಾ. ತಿಕ್ಕಿದಾಗ ಲೋಹನೂ ಚೂರ ಚೂರ ಬರ್ತೈತಿ. ಅದಕ್ಕ ವಾರಾ ತೊಳೀರಿ, ಪಾಲಿಶ್ ಅಪರೂಪಕ್ಕ ಸಾಕು" ಅಂದ.

ಆ ಕಪ್ಪು ಬಟ್ಟೆ ನೋಡಿ ಚೂಳಪಂಥಕ ಭಿಕ್ಕು ನೆನಪಾದರು. ನಾಲ್ಕು ತಿಂಗಳಾದರೂ ಅವರಿಗೆ ಒಂದು ಗಾಥೆ ಬಾಯಿಪಾಠವಾಗಲಿಲ್ಲ. ಸ್ವಂತ ಅಣ್ಣನೇ ದಡ್ಡನೆಂದು ವಿಹಾರ ಬಿಟ್ಟು ಹೋಗೆಂದ. ಅಳುತ್ತ ನಿಂತವರನ್ನು ಬುದ್ಧರು ಕರೆದು, ಕೈಗೆ ಒಂದು ಶುಭ್ರ ಬಟ್ಟೆ ಕೊಟ್ಟು, ಧೂಳು ತೆಗೆಯುವುದನ್ನೇ ನೆನೆಯುತ್ತ ಅದನ್ನು ಉಜ್ಜಲು ಹೇಳಿದರು. ಬಟ್ಟೆ ಕೊಳೆಯಾಗುತ್ತ ಬಂದಂತೆ ಅವರಿಗೆ ಅನಿತ್ಯ ತಿಳಿಯಿತು, ಒಳಗಿನ ಧೂಳು ಕಂಡಿತು. ಅವರು ಅರಹಂತರಾದರು. ಅಣ್ಣನಿಗೂ ತಮ್ಮ ತಿದ್ದಬೇಕೆಂಬ ಆಸೆಯೇ ಇತ್ತು. ಆದರೆ ಅವನು ಸುರಿದದ್ದು ಆಸಿಡ್, ಬುದ್ಧರು ಕೊಟ್ಟದ್ದು ಬಟ್ಟೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ನನ್ನ ಮಗ ಪಿಯುಸಿ ಗಣಿತದಲ್ಲಿ ಎರಡನೇ ಸಲ ನಪಾಸಾದ. ಊಟಕ್ಕೆ ಕೂತವನಿಗೆ, "ನಿನ್ನ ತಲಿಯಾಗ ಸಗಣಿ ತುಂಬೈತಿ" ಅಂದೆ. ತಟ್ಟೆ ಬಿಟ್ಟು ಎದ್ದು ಹೋದ. ಅಂದಿನಿಂದ ನನ್ನೆದುರು ಪುಸ್ತಕ ತೆರೆದಿಲ್ಲ.

ಆ ಮಾತು ನನ್ನದಲ್ಲ ಬಂಧುಗಳೇ. ನಾನು ಐದನೇ ಇಯತ್ತೆಯಲ್ಲಿದ್ದಾಗ, ಹಿಂದಿನ ಸಾಲಿನಲ್ಲಿ ಕೂಡಿಸಿ, ನಮ್ಮ ಕೇರಿಯ ಹೆಸರೆತ್ತಿ, ಒಬ್ಬರು ನನಗೆ ಹೇಳಿದ ಮಾತು. ಹೊರಗಿನಿಂದ ಬಂದ ಕೆಸರನ್ನು ನಾನು ತೊಳೆಯದೆ ಒಳಗಿಟ್ಟುಕೊಂಡೆ. ಅದು ಒಳಗೇ ದ್ವೇಷವಾಗಿ ಬಲಿತು, ಮೂವತ್ತು ವರ್ಷದ ಮೇಲೆ ನನ್ನ ಬಾಯಿಂದಲೇ ನನ್ನ ಮಗನ ಮೇಲೆ ಬಿತ್ತು. ಅಂದು ಹಾಗೆ ಅಂದವರದು ತಪ್ಪು, ನಿಜ. ಆದರೆ ಮೊನ್ನೆ ಅಂದವನು ನಾನು.

ಗಾಲಿ ಹೊಳೆಯುವುದು ನೋಡಿದ ರಾತ್ರಿ ಮಗನ ಪಕ್ಕ ಹೋಗಿ ಕೂತೆ. "ನಾನು ಅಂದಿದ್ದು ತಪ್ಪಪಾ" ಅಂದೆ. ಅವನು ಏನೂ ಮಾತಾಡಲಿಲ್ಲ. ಎದ್ದೂ ಹೋಗಲಿಲ್ಲ. ನನ್ನದು ಇನ್ನೂ ಮೊದಲನೇ ಕಾಗದ, ಉಜ್ಜುವುದು ಬಹಳ ಇದೆ.

*ಇಂದಿನ ಅಭ್ಯಾಸ:*
☸️ ಮನೆಯವರ ತಪ್ಪು ತಿದ್ದುವ ಮುನ್ನ ಗಾಲಿಯಂತೆ ನಾವು ಮೊದಲು ತಣ್ಣಗಾಗೋಣ.
☸️ ಬಾಯಿಗೆ ಬಂದ ಬೈಗುಳ ಯಾರದು ಎಂದು ಕೇಳಿಕೊಳ್ಳೋಣ. ನಮ್ಮ ಹಿರಿಯರ ಮೇಲೆ ಎರಚಿದ ಕೆಸರಾಗಿದ್ದರೆ ಅದನ್ನು ಮಕ್ಕಳಿಗೆ ದಾಟಿಸುವುದು ಬೇಡ. ಸಮ್ಮಾ ವಾಚಾ ಎಂದರೆ ಇದೇ.
☸️ ಸಂಜೆ ಬುದ್ಧ ವಂದನೆಯ ಬಳಿಕ ಹತ್ತು ನಿಮಿಷ ಮೌನವಾಗಿ ಕೂತು, ಇವತ್ತಿನ ಧೂಳನ್ನು ಇವತ್ತೇ ಒರೆಸೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏
ಜೈ ಭೀಮ್ 💙