ಎರಡು ವರ್ಷವೋ, ಎಪ್ಪತ್ತು ವರ್ಷವೋ?

ಪ್ರಿಯರೇ, ಯೆರೆಮೀಯ 29:11 ನಿಮ್ಮಲ್ಲಿ ಎಷ್ಟು ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿದೆ? ಕೈ ಎತ್ತಬೇಡಿ, ನನ್ನದರಲ್ಲೂ ಇತ್ತು. ಹೊಸ ವರ್ಷದ ರಾತ್ರಿ ವಾಗ್ದಾನದ ಕಾರ್ಡ್ ತೆಗೆದಾಗ ಈ ವಚನ ಬಂದರೆ ಎಷ್ಟು ಸಂತೋಷ!

ಆದರೆ ಅದರ ಹಿಂದಿನ ವಚನ ಯಾರ ಸ್ಟೇಟಸ್‌ನಲ್ಲೂ ಇರಲ್ಲ. ಅಲ್ಲಿ ಕರ್ತನು 70 ವರ್ಷ ಅಂತಾನೆ. ಈ ಪತ್ರ ಹೋದದ್ದು ಬಾಬೆಲಿಗೆ, ನೆಬೂಕದ್ನೆಚ್ಚರನು ಸೆರೆ ಒಯ್ದಿದ್ದ ಜನರಿಗೆ. 30 ವರ್ಷದವನೊಬ್ಬ ಅದನ್ನು ಕೇಳಿದ ಅಂದುಕೊಳ್ಳಿ, ಲೆಕ್ಕ ಹಾಕಿ. ಊರಿಗೆ ಹಿಂದಿರುಗುವುದು ಅವನಲ್ಲ, ಅವನ ಮೊಮ್ಮಕ್ಕಳು. ಹಾಗಾದರೆ ಆ ವಾಗ್ದಾನ ಅವನ ಪಾಲಿಗೆ ಸುಳ್ಳಾ?

ಒಂದು ಅಧ್ಯಾಯ ಹಿಂದೆ ಹೋಗಿ. ದೇವಾಲಯದಲ್ಲಿ ಎಲ್ಲರ ಮುಂದೆ ಹನನ್ಯನು ಎರಡೇ ವರ್ಷ ಅಂತಾನೆ. ಯೆರೆಮೀಯನ ಹೆಗಲ ಮೇಲಿನ ನೊಗವನ್ನೇ ತೆಗೆದು ಮುರಿದುಹಾಕ್ತಾನೆ. ಗಮನಿಸಿ, ಯೆರೆಮೀಯನೂ ಮೊದಲು ಆಮೆನ್ ಅಂದ. ಅವನಿಗೂ ಅದೇ ಬೇಕಿತ್ತು. ಹನನ್ಯನ ಮಾತಿನಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಆದರೆ ಕರ್ತನು ಅವನನ್ನು ಕಳುಹಿಸಿರಲಿಲ್ಲ, ಅಷ್ಟೇ.

ನಾನೂ ಹನನ್ಯ ಆಗಿದ್ದೇನೆ. ಯಲಹಂಕದ ಪಿಜಿಯಲ್ಲಿದ್ದ ಒಬ್ಬ ತಮ್ಮನಿಗೆ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ತಲೆ ಮೇಲೆ ಕೈ ಇಟ್ಟು, "ಈ ತಿಂಗಳೊಳಗೆ ಆಫರ್ ಲೆಟರ್ ಬರುತ್ತೆ, ವಿಶ್ವಾಸದಿಂದ ಆಮೆನ್ ಹೇಳು" ಅಂದೆ. ಹೇಳಿದ. ಬರಲಿಲ್ಲ. "ಪಾಸ್ಟರ್, ನನ್ನ ವಿಶ್ವಾಸ ಎಲ್ಲಿ ಕಡಿಮೆ ಆಯ್ತು?" ಅಂತ ಕೇಳಿದ. ಇನ್ನೂ ಉಪವಾಸ ಮಾಡು ಅಂದುಬಿಟ್ಟೆ. ದೇವರು ಕೊಡದ ತಾರೀಖು ಕೊಟ್ಟವನು ನಾನು, ತಪ್ಪು ಹೊತ್ತುಕೊಂಡವನು ಅವನು. ಈಗ ಸಭೆಗೆ ಬರ್ತಿಲ್ಲ.

ಪತ್ರದಲ್ಲಿ ಕರ್ತನು ಇನ್ನೂ ಏನು ಹೇಳಿದ? ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಸೆರೆಯಾಗಿ ಬಂದ ಪಟ್ಟಣಕ್ಕೆ! (ಹೆಬ್ಬಾಳ ಫ್ಲೈಓವರ್‌ನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡಾಗ ಈ ಊರಿಗೆ ನಮ್ಮ ಬಾಯಿಂದ ಏನು ಬರುತ್ತೆ, ಗೊತ್ತಲ್ಲ.) ಹನನ್ಯನನ್ನು ನಂಬಿದವನು ಗಂಟುಮೂಟೆ ಕಟ್ಟಿ ಎರಡು ವರ್ಷ ಸುಮ್ಮನೆ ಕೂತಿರುತ್ತಿದ್ದ. ಆಮೇಲೆ ದೇವರನ್ನೇ ಬಿಡುತ್ತಿದ್ದ. ಯೆರೆಮೀಯನನ್ನು ನಂಬಿದವನು ಗಿಡ ನೆಟ್ಟ, ಮಗಳಿಗೆ ಮದುವೆ ಮಾಡಿದ. ಅದಕ್ಕೇ ಬಾಗಿಲು ತೆರೆದ ದಿನ ಹೊರಡೋಕೆ ಒಬ್ಬ ಮೊಮ್ಮಗ ಇದ್ದ.

ಆ ತಮ್ಮನ ನಂಬರ್ ನನ್ನ ಹತ್ತಿರ ಇನ್ನೂ ಇದೆ. ಆರಾಧನೆ ಮುಗಿದ ಮೇಲೆ ಫೋನ್ ಮಾಡ್ತೀನಿ. ಕ್ಷಮೆ ಕೇಳಬೇಕು, ಮನೆಗೆ ಊಟಕ್ಕೆ ಕರೀಬೇಕು. ತಾರೀಖು ಮಾತ್ರ ಹೇಳಲ್ಲ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.