ಬೆಳಗಿನ ಹೆಸರು, ಸಂಜೆಯ ಹೆಸರು

ಕೊಂಡಿ ಕೊಟ್ಟರೆ ಪುಟದ ಶೀರ್ಷಿಕೆ ತಂದುಕೊಡಲು ಪೈಥಾನ್‌ನಲ್ಲಿ ನಾಲ್ಕೈದು ಸಾಲು ಸಾಕು: ರಿಕ್ವೆಸ್ಟ್ಸ್ ಪುಟವನ್ನು ತರುತ್ತದೆ, ಬ್ಯೂಟಿಫುಲ್ ಸೂಪ್ ಅದರೊಳಗಿನ ಟೈಟಲ್ ಟ್ಯಾಗನ್ನು ಹೆಕ್ಕುತ್ತದೆ. ನನ್ನ ಮಹಾಪ್ರಬಂಧದ ಅಡಿಟಿಪ್ಪಣಿಗಳಿಗೆ ಹೀಗೆಯೇ ಹೆಸರು ತುಂಬುತ್ತೇನೆ. ಆದರೆ ಸುದ್ದಿತಾಣಗಳು ವಿಳಾಸ ಉಳಿಸಿಕೊಂಡೇ ತಲೆಬರಹ ಬದಲಿಸುವುದುಂಟು. ಬೆಳಿಗ್ಗೆ ‘ಗಲಭೆ’ ಎಂದಿದ್ದದ್ದು ಸಂಜೆಗೆ ‘ಪ್ರತಿಭಟನೆ’ ಆಗಬಹುದು. ಎರಡು ಹೊತ್ತೂ ಕೋಡ್ ಸುಳ್ಳು ಹೇಳುವುದಿಲ್ಲ; ಪುಟ ತನ್ನನ್ನು ಏನೆಂದು ಕರೆದುಕೊಂಡಿತೋ ಅಷ್ಟನ್ನೇ ತರುತ್ತದೆ. (ಪುಟ ಅಳಿಸಿಹೋಗಿದ್ದರೆ ‘ಪುಟ ಸಿಗಲಿಲ್ಲ’ ಎಂಬುದನ್ನೇ ಹೆಸರೆಂದು ತಂದೀತು, ಪಾಪ.) ಸಂಜೆಯ ಹೆಸರೇ ಹೆಚ್ಚು ಸರಿಯಿರಬಹುದು. ಆದರೂ ಅದು ಬೆಳಗಿನದನ್ನು ಸದ್ದಿಲ್ಲದೆ ಮುಚ್ಚಿಬಿಟ್ಟರೆ, ಆ ಜನರನ್ನು ಮೊದಲು ಏನೆಂದು ಕರೆಯಲಾಗಿತ್ತು ಎಂಬುದಕ್ಕೆ ನನ್ನ ಬಳಿ ಸಾಕ್ಷಿ ಉಳಿಯದು. ಅದಕ್ಕೇ ಕೋಡಿಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಪ್ರತಿ ಶೀರ್ಷಿಕೆಯ ಪಕ್ಕ, ಅದನ್ನು ತಂದ ದಿನ ಮತ್ತು ಗಂಟೆ.